ಸೀಮೆಸುಣ್ಣದ ಗೆರೆ

ನಮ್ಮ ಮನೆಯಲ್ಲಿ ಯಾರನ್ನಾದರೂ ಬೈಯಲು ಕೆಟ್ಟ ಮಾತು ಬೇಕಿರಲಿಲ್ಲ. "ಕೂತು ತಿನ್ನೋನು" ಅಂದರೆ ಸಾಕಿತ್ತು. ಅಪ್ಪ ಆ ಮಾತನ್ನು ನನ್ನ ಕಿವಿಗೆ ಬೀಳುವ ಹಾಗೆ ಮೂವರ ಬಗ್ಗೆ ಮಾತ್ರ ಆಡಿದ್ದ. ಮೂವರೂ ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ನಾನು ಏಳನೇ ಕ್ಲಾಸಿಗೆ ಹಿಂದಿ ಶಾಲೆ ಬಿಟ್ಟು ಒಲೆಯ ಮುಂದೆ ನಿಂತವನು. ಕನ್ನಡ ಅಕ್ಷರವನ್ನು ಪಂಚಾಂಗದಿಂದ ಕಲಿತೆ, ಯಾತ್ರಿಕರು ಚಟ್ನಿಪುಡಿ ಸುತ್ತಿಕೊಂಡು ಬರುತ್ತಿದ್ದ ಪೇಪರಿನಿಂದ ಕಲಿತೆ. ಐವತ್ತು ದಾಟುವವರೆಗೆ ಆ ಬೈಗುಳ ನನ್ನ ಮೇಲೆ ಬೀಳದ ಹಾಗೆ ದುಡಿದೆ. ಆಮೇಲೆ ಒಂದು ಕೆಲಸ ಹಿಡಿದೆ. ಅದು ಕೂರುವ ಕೆಲಸವೇ. ಅದರಲ್ಲಿ ನನ್ನ ಬಲಗಾಲು ಹೋಯಿತು.

ಹೋಯಿತು ಅಂದರೆ ಕತ್ತರಿಸಲಿಲ್ಲ. ನೋಡಿದರೆ ಮೊದಲಿನ ಹಾಗೇ ಇದೆ. ಪಾದ ಮೇಲೆ ಏಳುವುದಿಲ್ಲ, ಅಷ್ಟೆ. ಹೆಜ್ಜೆ ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಕೆಳಗೆ ಜೋಲುತ್ತದೆ.

ನನ್ನ ಕಸುಬು ಹೇಳದಿದ್ದರೆ ಈ ಪಾದದ ಬೆಲೆ ತಿಳಿಯುವುದಿಲ್ಲ. ನಾನು ಗಂಗೆಯ ದಡದ ಬಂಗಾಲಿ ಟೋಲಾ ಅನ್ನುವ ಕೇರಿಯ ಒಂದು ಛತ್ರದಲ್ಲಿ ಶ್ರಾದ್ಧದ ಅಡುಗೆಯವನು. ಊರ ಕಡೆಯಿಂದ ಬರುವ ಯಾತ್ರಿಕರಿಗೆ ನನ್ನ ಅಣ್ಣ ಘಾಟಿನಲ್ಲಿ ಪಿಂಡ ಹಾಕಿಸುತ್ತಾನೆ. ಆಮೇಲೆ ಬ್ರಾಹ್ಮಣರಿಗೆ ಬಡಿಸುವ ಊಟ ನನ್ನದು. ಆ ಅಡುಗೆಗೆ ನಲ್ಲಿ ನೀರು ಬಾರದು. ಬೆಳಗ್ಗೆ ಗಂಗೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ತಾಮ್ರದ ಕೊಡ ತುಂಬಿ, ಹೆಗಲ ಮೇಲೆ ಇಟ್ಟುಕೊಂಡು ಕೇದಾರ ಘಾಟಿನ ಮೆಟ್ಟಿಲು ಹತ್ತಬೇಕು. ಬರಿಗಾಲು. ದಾರಿಯಲ್ಲಿ ಯಾರಾದರೂ ಮೈ ತಾಗಿಸಿದರೆ ನೀರು ಚೆಲ್ಲಿ, ಇಳಿದು, ಮತ್ತೆ ಮುಳುಗಬೇಕು. ಅದು ಮಡಿ. ಮೂವತ್ತೆರಡು ವರ್ಷ ದಿನಕ್ಕೆ ಎರಡು ಕೊಡ ಹೊತ್ತೆ. ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ನನ್ನ ಹೆಬ್ಬೆರಳು ಎಲ್ಲಿ ಊರಬೇಕು ಅಂತ ನನಗಿಂತ ಚೆನ್ನಾಗಿ ಹೆಬ್ಬೆರಳಿಗೆ ಗೊತ್ತಿತ್ತು.

ಒಂದು ವರ್ಷ ಛತ್ರದವರು ಅಡುಗೆಮನೆಯ ಸೂರು ಬದಲಿಸಬೇಕೆಂದು ಬೀಗ ಹಾಕಿದರು. ಆರು ತಿಂಗಳು ಅಂದರು. ಘಾಟಿಗೆ ಬಂದು ನನ್ನ ಪಕ್ಕ ಕೂತುಕೋ, ಮಂತ್ರಕ್ಕೆ ದನಿ ಸೇರಿಸು, ದಕ್ಷಿಣೆ ಬರುತ್ತದೆ ಅಂದ ಅಣ್ಣ. ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ನಾನು ಬೇಯಿಸಿ ಬಡಿಸಿದ್ದಕ್ಕೆ ತೆಗೆದುಕೊಂಡವನೇ ಹೊರತು ಅಂಗೈ ಚಾಚಿ ಕೂತವನಲ್ಲ. ಬರುವುದಿಲ್ಲ ಅಂದೆ.

ನಮ್ಮ ಗಲ್ಲಿಯ ಮೂಲೆಯಲ್ಲಿ ಹೂವಿನ ಮಾಲೆ ಕಟ್ಟುವ ಒಬ್ಬ ಮುದುಕಿ ಇದ್ದಳು. ಈ ಕಡೆಯವಳೇ, ಭೋಜಪುರಿ ಮಾತಿನವಳು. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ಗೋದೌಲಿಯಾದ ಆಚೆ ಒಂದು ಹಳೇ ಕೋಠಿಯಲ್ಲಿ, ದೊಡ್ಡ ಬಂಗಲೆಯಂಥ ಮನೆಯಲ್ಲಿ, ಚಿತ್ರಶಾಲೆ ನಡೆಯುತ್ತಿತ್ತು. ಅಲ್ಲಿ ನಲವತ್ತು ವರ್ಷದಿಂದ ಆಕೆ ಬರೆಸಿಕೊಳ್ಳುವ ಕೆಲಸ ಮಾಡುತ್ತಿದ್ದಳು. ಹುಡುಗರು ಸುತ್ತ ನಿಂತು ಬರೆಯುತ್ತಾರೆ, ಆಕೆ ನಡುವೆ ಕೂರುತ್ತಾಳೆ. ಗಲ್ಲಿಯವರು ಇದಕ್ಕಾಗಿ ಅವಳ ಬಗ್ಗೆ ಏನೇನೋ ಆಡುತ್ತಿದ್ದರು. ನಾನೂ ಒಂದೆರಡು ಸಲ ಆಡಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ನನ್ನ ಅಡುಗೆಮನೆ ಮುಚ್ಚಿದ್ದು ಅವಳಿಗೆ ಗೊತ್ತಾಯಿತು. ಒಂದು ದಿನ ಕರೆದು, ನನ್ನ ಮುಖವನ್ನು ಹೂವಿನ ಬುಟ್ಟಿ ನೋಡುವ ಹಾಗೆ ನೋಡಿ, ಈ ಮುಖ ಅಲ್ಲಿ ಓಡುತ್ತದೆ, ಬಾ ಅಂದಳು.

ಆಕೆ ಹೇಳಿದ ಇನ್ನೊಂದು ಮಾತು ನೆನಪಿದೆ. ನಾನು ಅನ್ನಪೂರ್ಣೆ ಆಗಿದ್ದೇನೆ, ಬರಗಾಲದ ಹೆಂಗಸಾಗಿದ್ದೇನೆ, ಹೆಣದ ಪಕ್ಕ ಅಳುವವಳಾಗಿದ್ದೇನೆ ಅಂದಿದ್ದಳು. ಅವಳ ಅನ್ನಪೂರ್ಣೆಯನ್ನು ಯಾರೋ ಕ್ಯಾಲೆಂಡರಿಗೆ ಹಾಕಿ ಅಚ್ಚು ಮಾಡಿದರಂತೆ. ಅವಳನ್ನು ಅಂಗಡಿಯೊಳಗೆ ಬಿಟ್ಟುಕೊಳ್ಳದ ಮಿಠಾಯಿಯವನೇ ಆ ಕ್ಯಾಲೆಂಡರಿಗೆ ದಿನಾ ಊದುಬತ್ತಿ ಹಚ್ಚುತ್ತಾನೆ. "ಏಕ್ಕೋ ಬಾರ್ ಹಮ್ ಹಮ್ ನಾ ರಹಲೀ," ಅಂದಳು. ಒಂದು ಸಲವೂ ಚಿತ್ರದಲ್ಲಿ ಅವಳು ಅವಳೇ ಆಗಿರಲಿಲ್ಲವಂತೆ. ನಗುತ್ತಲೇ ಹೇಳಿದಳು. ನನಗೆ ಆಗ ಅದು ದೊಡ್ಡ ಮಾತು ಅನಿಸಲಿಲ್ಲ.

ಮನೆಯಲ್ಲಿ ಹೇಳಿದಾಗ ಹೆಂಡತಿ ಅಕ್ಕಿ ಆರಿಸುತ್ತಿದ್ದಳು.

"ಏನ್ ಕೆಲ್ಸ?"

"ಕೂರೋದು."

"ಕೂತು?"

"ಕೂತು, ಅಷ್ಟೇ. ಅವರು ಬರ್ಕೊಳ್ತಾರೆ."

ಅವಳು ಮೊರ ಕೆಳಗಿಟ್ಟಳು. "ಅಯ್ಯೋ, ಕೂತು ತಿನ್ನೋದಕ್ಕೂ ಒಂದ್ ನೌಕರಿ ಇದ್ಯಾ ಈ ಊರಲ್ಲಿ? ಮಾವನೋರು ಇದ್ದಿದ್ರೆ ನಿಮ್ಮನ್ನ ಒಳಗೇ ಬಿಟ್ಕೊಳ್ತಿರ್ಲಿಲ್ಲ."

ತಮಾಷೆಗೇ ಅಂದದ್ದು. ಆದರೂ ಮೂವತ್ತು ವರ್ಷದ ಸಂಸಾರದಲ್ಲಿ ಆ ಮಾತು ಅವಳ ಬಾಯಿಂದ ನನ್ನ ಮೇಲೆ ಬಂದದ್ದು ಅದೇ ಮೊದಲು. ಕೂತರೂ ನನ್ನ ಹಾಗೆ ಕೂರಲು ಇನ್ನೊಬ್ಬನಿಗೆ ಆಗಬಾರದು, ಹಾಗೆ ಕೂರುತ್ತೇನೆ ಅಂತ ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಚಿತ್ರಶಾಲೆಯಲ್ಲಿ ನನ್ನನ್ನು ಒಪ್ಪಿಸಿದ್ದು ಕೊನೇ ವರ್ಷದ ಒಬ್ಬ ಹುಡುಗಿಗೆ. ಅವಳ ಪರೀಕ್ಷೆಯ ದೊಡ್ಡ ಚಿತ್ರಕ್ಕೆ ಐದು ವಾರ ಕೂರಬೇಕಿತ್ತು, ದಿನಕ್ಕೆ ನಾಲ್ಕು ಗಂಟೆ. ಒಳ್ಳೆಯ ಹುಡುಗಿ. ಮೊದಲ ದಿನವೇ ಚಾಚಾ ಅಂದಳು. ಶರ್ಟು ತೆಗೆಸಿ, ಪಂಚೆ ಜನಿವಾರದಲ್ಲಿ ಒಂದು ಮರದ ಪೆಟ್ಟಿಗೆಯ ಮೇಲೆ ಕೂರಿಸಿದಳು. ಹೇಗೆ ಕೂರಲಿ ಅಂದೆ. ಮನೆಯಲ್ಲಿ ಹೇಗೆ ಕೂರುತ್ತೀರೋ ಹಾಗೆ ಅಂದಳು. ನಾನು ಚಕ್ಕಳಮಕ್ಕಳ ಹಾಕಿದೆ. ಪೆಟ್ಟಿಗೆ ಸಣ್ಣದು. ಬಲ ಮಂಡಿಯ ಹೊರಮಗ್ಗುಲು ಅದರ ಅಂಚಿಗೆ ಹೊಡೆದಿದ್ದ ಕಬ್ಬಿಣದ ಪಟ್ಟಿಯ ಮೇಲೆ ಬಂತು. ಸರಿದು ಕೂರಬಹುದಿತ್ತು. ಮೊದಲ ದಿನವೇ ಕೊಸರಾಡುವುದು ಬೇಡ ಅನಿಸಿತು.

ಆಗ ಹುಡುಗಿ ಒಂದು ಸೀಮೆಸುಣ್ಣ ತಂದು, ಮಂಡಿಯೂರಿ, ಪೆಟ್ಟಿಗೆಯ ಮೇಲೆ ನನ್ನ ಸುತ್ತ ಗೆರೆ ಎಳೆದಳು. ಒಂದು ಮಂಡಿಯಿಂದ ಶುರುಮಾಡಿ, ಬೆನ್ನ ಹಿಂದೆ ಸುತ್ತಿ, ಇನ್ನೊಂದು ಮಂಡಿ ಬಳಸಿ ಸೇರಿಸಿದಳು. ಈ ಗೆರೆ ನೆನಪಿಡಿ ಚಾಚಾ ಅಂದಳು. ಎದ್ದು, ಚಿತ್ರದ ಹಲಗೆ ನಿಲ್ಲಿಸಿದ್ದ ಈಸೆಲ್ಲಿನ ಹಿಂದೆ ಹೋಗುತ್ತಾ, "ಪೈರ್ ಕೀ ಚಿಂತಾ ಮತ್ ಕೀಜಿಯೇ," ಅಂದಳು. ಕಾಲಿನ ಚಿಂತೆ ಮಾಡಬೇಡಿ ಅಂತ. ಮಗುವಿಗೆ ಎಷ್ಟು ಮರ್ಯಾದೆ ಅಂದುಕೊಂಡೆ.

ಗೆರೆ ನೆನಪಿಡಿ ಅಂತ ನನಗೆ ಹೇಳಬೇಕೇ? ನಾವು ಹುಟ್ಟಿದಾಗಿನಿಂದ ಗೆರೆಯೊಳಗೆ ಕೂತವರು. ಊಟದ ಎಲೆಯ ಸುತ್ತ ನೀರಿನಲ್ಲಿ ಗೆರೆ ಎಳೆದ ಮೇಲೆ ಊಟ ಮುಗಿಯದೆ ಏಳುವಂತಿಲ್ಲ. ಶ್ರಾದ್ಧದಲ್ಲಿ ಮಂಡಲ ಬರೆದು ಕೂರಿಸಿದ ಮೇಲೆ, ಸಂಕಲ್ಪದ ನೀರು ಬಿದ್ದ ಮೇಲೆ, ಕೆಲಸ ಮುಗಿಯುವವರೆಗೆ ಆಸನ ಬಿಡುವಂತಿಲ್ಲ. ನನಗೆ ಹದಿನೇಳು ತುಂಬಿದ ವರ್ಷ ಅಮ್ಮ ಹೋದಳು. ಕರ್ಮದ ದಿನ ಕಾಲಿಗೆ ಜೋಮು ಹಿಡಿದು ನಾನು ಅರ್ಧಕ್ಕೆ ಎದ್ದುಬಿಟ್ಟಿದ್ದೆ. ಅಪ್ಪ ಏನೂ ಬೈಯಲಿಲ್ಲ. ದರ್ಭೆ, ಎಳ್ಳು, ಪಿಂಡ ಎಲ್ಲ ತೆಗೆಸಿ, ಆಚಮನದಿಂದ ಮತ್ತೆ ಶುರುಮಾಡಿಸಿದ. ಬ್ರಾಹ್ಮಣರು ಹಸಿದುಕೊಂಡು ಕಾದರು. ಅವತ್ತಿನಿಂದ ನಾನು ಯಾವ ಗೆರೆಯಿಂದಲೂ ಅರ್ಧಕ್ಕೆ ಎದ್ದವನಲ್ಲ.

ಚಿತ್ರಶಾಲೆಯಲ್ಲಿ ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸುತ್ತಿದ್ದರು. ಹುಡುಗಿ ಕುಂಚ ಕೆಳಗಿಟ್ಟು, ಆರಾಮ್ ಕೀಜಿಯೇ ಚಾಚಾ ಅಂದು, ಚಹಾಕ್ಕೋ ಫೋನಿಗೋ ಆಚೆ ಹೋಗುತ್ತಿದ್ದಳು. ನಾನು ಕೂತಲ್ಲೇ ಭುಜ ಸಡಿಲ ಬಿಟ್ಟು, ಉಸಿರು ಎಳೆದುಕೊಂಡು, ಮತ್ತೆ ನೆಟ್ಟಗಾಗುತ್ತಿದ್ದೆ. ಅದೇ ನನ್ನ ಆರಾಮ. ಅವಳು ಹಿಂದಿರುಗುವಾಗ ನಾನು ಇದ್ದ ಹಾಗೇ ಇರುತ್ತಿದ್ದೆ. ಮೂರನೇ ದಿನ ಅವಳಿಗೆ ಆಶ್ಚರ್ಯವಾಯಿತು. ಬೇರೆ ಹುಡುಗರನ್ನು ಕರೆತಂದು ತೋರಿಸಿದಳು. ಅವರಲ್ಲಿ ಒಬ್ಬ ನನಗೆ ಮೂರ್ತಿ ಚಾಚಾ ಅಂತ ಹೆಸರಿಟ್ಟ. ನನಗೆ ಹಿತವಾಯಿತು. ಗಂಗೆಯಾಚೆಯ ರಾಮನಗರದ ರಾಮಲೀಲೆಯಲ್ಲಿ ದೇವರ ವೇಷದವರು ರೆಪ್ಪೆ ಅಲುಗಿಸದೆ ಕೂತಿರುವುದನ್ನು ಕಂಡು ಜನ ಕೈ ಮುಗಿಯುತ್ತಾರಲ್ಲ, ಅಷ್ಟು ದೂರದಿಂದ ಆ ಮರ್ಯಾದೆಯ ಒಂದು ಚೂರು ನನಗೂ ಬಂತು ಅನಿಸಿತು. ಇದೂ ಕೆಲಸವೇ, ಇದರಲ್ಲೂ ನಾನು ಮೇಲು ಅನಿಸಿತು.

ಮುದುಕಿ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದಳು. ಗಂಟೆಯ ಮೊದಲ ಸದ್ದಿಗೇ ಎದ್ದು, ಸೊಂಟ ಹಿಡಿದುಕೊಂಡು, ವರಾಂಡದಲ್ಲಿ ಬೀಡಿ ಹಚ್ಚುತ್ತಿದ್ದಳು. ನಾನು ಹೊರಗೆ ಬರುವುದಿಲ್ಲ ಅಂತ ಒಂದು ಸಲ ಬಾಗಿಲಿಗೆ ಬಂದು ಹಂಗಿಸಿದಳು. "ಪತ್ಥರ್ ಹಉವಾ ಕಾ, ಪಂಡಿತ್?" ಕಲ್ಲೇನು ನೀನು ಅಂತ. ಎದ್ದು ಓಡಾಡುವ ಅವಳನ್ನು ನೋಡಿ ಮೈಗಳ್ಳಿ ಅಂದುಕೊಂಡೆ. ಎರಡು ಸಲ ಕರೆದಳು. ಆಮೇಲೆ ಸುಮ್ಮನಾದಳು.

ಚಿತ್ರವನ್ನು ನಾನು ನೋಡಲಿಲ್ಲ. ಹಲಗೆಯ ಬೆನ್ನು ಮಾತ್ರ ನನ್ನ ಕಡೆಗಿತ್ತು. ಹೋಗುವಾಗ ಒಂದು ಸುತ್ತು ಬಂದರೆ ಕಾಣುತ್ತಿತ್ತು. ಆದರೆ ನಾನು ಬೇಯಿಸುವಾಗ ಒಳಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುವ ಯಾತ್ರಿಕರಿದ್ದಾರೆ. ಅಂಥವರನ್ನು ಕಂಡರೆ ನನಗಾಗುವುದಿಲ್ಲ. ಆಗುವವರೆಗೆ ಅವಳ ಅಡುಗೆಯ ಮುಚ್ಚಳ ನಾನೂ ತೆಗೆಯಬಾರದು ಅಂದುಕೊಂಡೆ. ಅವಳು ನನ್ನನ್ನು ತಲೆಯಿಂದ ಉಂಗುಷ್ಠದವರೆಗೆ ಬರೆಯುತ್ತಿದ್ದಾಳೆ ಅಂತಲೇ ತಿಳಿದು, ಉಂಗುಷ್ಠ ಅಲುಗದ ಹಾಗೆ ಕೂತೆ.

ಮೊದಲ ವಾರ ಜೋಮು ಬರುತ್ತಿತ್ತು, ಇರುವೆ ಹರಿದ ಹಾಗೆ. ಎದ್ದು ನಾಲ್ಕು ಹೆಜ್ಜೆ ನಡೆದರೆ ಬಿಡುತ್ತಿತ್ತು. ಎರಡನೇ ವಾರ ಗೋದೌಲಿಯಾ ಚೌಕದವರೆಗೆ ನಡೆದರೆ ಬಿಡುತ್ತಿತ್ತು. ಆಮೇಲಾಮೇಲೆ ಮನೆಯವರೆಗೆ ಬಂತು. ನಾಲ್ಕನೇ ವಾರ ಇರುವೆ ಹರಿಯುವುದೇ ನಿಂತಿತು. ಒಳ್ಳೆಯದಾಯಿತು, ಅಭ್ಯಾಸವಾಯಿತು ಅಂದುಕೊಂಡೆ. ಜೋಮು ಅಂದರೆ ಕಾಲು ಕೂಗುತ್ತಿದೆ ಅಂತ, ಕೂಗು ನಿಂತರೆ ಹೆದರಬೇಕು ಅಂತ, ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ.

ಮೊದಲು ಕೇಳಿಸಿಕೊಂಡವಳು ಹೆಂಡತಿ. ನಾನು ಗಲ್ಲಿಯಲ್ಲಿ ಬರುವಾಗ ಒಂದು ಚಪ್ಪಲಿ ಟಪ್ ಟಪ್ ಅಂತ ಕಲ್ಲಿಗೆ ಬಡಿಯುತ್ತಿತ್ತಂತೆ. ಏನು ಅಂದಳು. ಚಪ್ಪಲಿಯ ಪಟ್ಟಿ ಸಡಿಲವಾಗಿದೆ ಅಂದೆ. ಅವಳು ಚಪ್ಪಲಿ ತಿರುಗಿಸಿ ನೋಡಿ, ನನ್ನ ಮುಖ ನೋಡಿದಳು. ಚಿತ್ರ ಮುಗಿಯಲು ನಾಲ್ಕು ದಿನ ಬಾಕಿಯಿತ್ತು. ಆ ನಾಲ್ಕು ದಿನವೂ ಹೋಗಿ ಕೂತೆ. ಕೊನೆಯ ದಿನ ಪೆಟ್ಟಿಗೆಯಿಂದ ಇಳಿದಾಗ ಪಾದ ನೆಲಕ್ಕೆ ಮೊದಲು ಬೆರಳು ಕೊಟ್ಟು ಮಡಚಿಕೊಂಡಿತು. ಹುಡುಗಿ ತೋಳು ಹಿಡಿದಳು. ಏನಿಲ್ಲ, ಜೋಮು ಅಂದೆ. ಜೋಮು ಅವಳಿಗೆ ಅರ್ಥವಾಗಲಿಲ್ಲ.

ಡಾಕ್ಟರು ಮಂಡಿಯ ಹೊರಮಗ್ಗುಲು ಒತ್ತಿ ನೋಡಿದರು. ಇಲ್ಲಿ ಎಲುಬಿನ ಮೇಲೆ ಒಂದು ನರ ಬರುತ್ತದೆ, ತೊಗಲಿನ ಕೆಳಗೇ ಇರುತ್ತದೆ, ಅದು ಜಜ್ಜಿಹೋಗಿದೆ ಅಂದರು. ನಡುವೆ ಏಳಲಿಲ್ಲವೇ ಅಂತ ಕೇಳಿದರು. ತಿಂಗಳುಗಟ್ಟಲೆ ಕಾಯಬೇಕು, ಬಂದರೆ ಬಂತು ಅಂದರು. ಪಾದ ಜೋಲದಂತೆ ಹಿಡಿಯಲು ಒಂದು ಪ್ಲಾಸ್ಟಿಕ್ ಪಟ್ಟಿ ಕೊಟ್ಟರು. ಅದು ಮೊಣಕಾಲ ಕೆಳಗಿನಿಂದ ಅಂಗಾಲಿನವರೆಗೆ ಬರುತ್ತದೆ. ಅದನ್ನು ಬೂಟಿನೊಳಗೆ ಹಾಕಿಕೊಂಡೇ ನಡೆಯಬೇಕು.

ಬೂಟು ಹಾಕಿಕೊಂಡು ಮಡಿ ಹೇಗೆ? ಅಣ್ಣ ನನ್ನ ಮುಂದೆ ಕೂತು ಬಹಳ ಹೊತ್ತು ಆ ಪಟ್ಟಿಯನ್ನು ಕೈಯಲ್ಲಿ ತಿರುಗಿಸಿದ. "ಇದನ್ನ ಹಾಕ್ಕೊಂಡು ಒಲೆ ಹತ್ರ ಬರ್ಬೇಡ ಕಣೋ," ಅಂದ. "ನಾನು ಒಪ್ತೀನಿ. ಪಿತೃಗಳಿಗೆ ಬಡಿಸೋ ಅನ್ನ, ಬಂದೋರು ಒಪ್ಪಲ್ಲ." ಅವನ ಕಣ್ಣಲ್ಲಿ ನೀರಿತ್ತು. ಅವನು ಹೇಳಿದ್ದು ಸರಿ. ನಾನು ಅವನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಅಡುಗೆಮನೆಯ ಬೀಗ ತೆಗೆದ ದಿನ ಪಟ್ಟಿ ಕಳಚಿಟ್ಟು ಬರಿಗಾಲಲ್ಲಿ ಘಾಟಿಗೆ ಇಳಿದೆ. ಮುಳುಗಿದೆ. ಕೊಡ ತುಂಬಿದೆ. ಕೆಳಗಿನ ಕೆಲವು ಮೆಟ್ಟಿಲುಗಳನ್ನು ಕೊಕ್ಕರೆಯ ಹಾಗೆ ಮೊಣಕಾಲು ಎತ್ತಿ ಎತ್ತಿ ಹತ್ತಿದೆ. ಆಮೇಲೆ ಬೆರಳು ಮೆಟ್ಟಿಲ ಅಂಚಿಗೆ ಸಿಕ್ಕಿತು. ಕೊಡ ಹೆಗಲಿಂದ ಹಾರಿ, ಒಂದೊಂದೇ ಮೆಟ್ಟಿಲಿಗೆ ಬಡಿಯುತ್ತಾ ನೀರಿನವರೆಗೆ ಹೋಯಿತು. ದೋಣಿಯವರು ತಿರುಗಿ ನೋಡಿದರು. ಯಾರೋ ಎತ್ತಲು ಬಂದರು. ಮುಟ್ಟಬೇಡಿ ಅಂದೆ. ಬಿದ್ದಲ್ಲೇ ಇದ್ದರೂ ಇನ್ನೂ ಮಡಿಯಲ್ಲಿದ್ದೇನೆ ಅಂತ.

ಆ ವಾರ ಮುದುಕಿ ನೋಡಲು ಬಂದಳು. ಹೊಸಿಲ ಹೊರಗೇ ಕೂತಳು. ಇಷ್ಟು ದಿನ ಏಕೆ ಏಳಲಿಲ್ಲ ಅಂತ ಕೇಳಿದಳು. ಡಾಕ್ಟರಿಗೆ ಹೇಳದ್ದನ್ನು ಅವಳಿಗೆ ಹೇಳಿದೆ. ಸುತ್ತ ಗೆರೆ ಎಳೆದಿದ್ದರಲ್ಲ, ಹೇಗೆ ಏಳಲಿ ಅಂದೆ. ಅವಳು ಮೊದಲು ನಕ್ಕಳು, ನಾನು ತಮಾಷೆ ಮಾಡುತ್ತಿದ್ದೇನೆ ಅಂತ. ನಾನು ನಗಲಿಲ್ಲ. ಅವಳ ಬಾಯಿ ಹಾಗೇ ನಿಂತಿತು. ಆಮೇಲೆ ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು. ಆ ಗೆರೆ ಎಳೆಯುವುದು ನಾವು ಎದ್ದು ಹೋಗಲಿ ಅಂತಲೇ. ಕೈಕಾಲು ಸಡಿಲಿಸಿಕೊಂಡು ತಿರುಗಿ ಬಂದಾಗ ಅದೇ ಜಾಗದಲ್ಲಿ ಕೂರಲು ಅದು ಗುರುತು. ಏಳದವನಿಗೆ ಗೆರೆ ಯಾಕೆ ಬೇಕು?

ಅವಳು ಒಂದು ಮಾಲೆ ಹೊಸಿಲ ಮೇಲಿಟ್ಟು ಎದ್ದು ಹೋದಳು.

ಹುಡುಗಿ ಪಾಸಾದಳು. ಚಿತ್ರ ಪ್ರದರ್ಶನಕ್ಕೆ ಇಟ್ಟಿದ್ದೇವೆ, ಆಂಟಿಯನ್ನೂ ಕರೆದುಕೊಂಡು ಬನ್ನಿ ಅಂತ ಫೋನ್ ಮಾಡಿದಳು. ಹೋಗುವುದು ಬೇಡ ಅಂತಿದ್ದೆ. ಹೆಂಡತಿಯೇ ಹೊರಟಳು. ಅಷ್ಟು ಕೊಟ್ಟಿದ್ದೀರಿ, ಏನು ಬಂತು ನೋಡೋಣ ಅಂದಳು. ಇಸ್ತ್ರಿ ಮಾಡಿದ ಶರ್ಟು, ಪ್ಯಾಂಟು, ಬೂಟು, ಒಳಗೆ ಪಟ್ಟಿ. ಸೈಕಲ್ ರಿಕ್ಷಾದಲ್ಲಿ ಹೋದೆವು.

ಕೋಠಿಯ ದೊಡ್ಡ ಹಾಲಿನಲ್ಲಿ ಎದುರು ಗೋಡೆಗೆ ನಾನಿದ್ದೆ. ಬಹಳ ಚೆನ್ನಾಗಿ ಬರೆದಿದ್ದಳು. ಒಲೆಯ ಹೊಗೆಗೆ ಕೆಂಪಾದ ಕಣ್ಣು ಹಾಗೇ ಬಂದಿತ್ತು. ಕೊಡ ಹೊತ್ತು ಹೊತ್ತು ಎಡ ಹೆಗಲು ಚೂರು ತಗ್ಗಿದೆ, ಅದೂ ಬಂದಿತ್ತು. ಜನಿವಾರದ ಒಂದು ಎಳೆ ಸವೆದಿದ್ದು ಕೂಡ. ಕೆಳಗೆ ಅಂಟಿಸಿದ್ದ ಚೀಟಿಯಲ್ಲಿ "ತಪಸ್ವಿ" ಅಂತ ಬರೆದು ಹುಡುಗಿಯ ಹೆಸರು ಹಾಕಿದ್ದರು. ನನ್ನದಿರಲಿಲ್ಲ. ಇಬ್ಬರು ಅದರ ಮುಂದೆ ನಿಂತು, ಇಂಥ ಮುಖ ಈಗೆಲ್ಲಿ ಸಿಗುತ್ತದೆ, ಹಿಮಾಲಯದವನೇ ಇರಬೇಕು ಅಂತ ಮಾತಾಡಿಕೊಂಡರು. ಒಬ್ಬರು ತಿರುಗುವಾಗ ನನಗೆ ಡಿಕ್ಕಿ ಹೊಡೆದು ಸಾರಿ ಅಂದರು. ಗುರುತು ಸಿಗಲಿಲ್ಲ.

ಹೆಂಡತಿ ಚಿತ್ರದ ಹತ್ತಿರ ಹೋದಳು. ಮೇಲಿನಿಂದ ಕೆಳಗೆ ನೋಡಿದಳು. ಚೌಕಟ್ಟಿನ ಕೆಳಗಿನ ಪಟ್ಟಿಯವರೆಗೆ ಬಗ್ಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ರೀ, ನಿಮ್ಮ ಕಾಲೆಲ್ಲಿ?"

ಚಿತ್ರ ಹೊಕ್ಕಳಿನ ಹತ್ತಿರ ಮುಗಿದಿತ್ತು. ಅದರ ಕೆಳಗೆ ಚೌಕಟ್ಟು, ಚೌಕಟ್ಟಿನ ಕೆಳಗೆ ಗೋಡೆ. ಕಾಲಿನ ಚಿಂತೆ ಮಾಡಬೇಡಿ ಅಂತ ಅವಳು ಮೊದಲ ದಿನವೇ ಹೇಳಿದ್ದಳು. ಮರ್ಯಾದೆಗೆ ಹೇಳಿದ್ದಲ್ಲ. ನಿಜವಾಗಿ ಹೇಳಿದ್ದು.

ಹುಡುಗಿ ಓಡಿಬಂದು ನಮಸ್ಕಾರ ಮಾಡಿದಳು. ಆಂಟಿ ಏನಂದರು ಅಂತ ಹಿಂದಿಯಲ್ಲಿ ನನ್ನನ್ನು ಕೇಳಿದಳು. ಆ ಹಾಲಿನಲ್ಲಿ ಕನ್ನಡ ಬರುವವರು ನಾವಿಬ್ಬರೇ. ಬಹಳ ಚೆನ್ನಾಗಿದೆ ಅನ್ನುತ್ತಿದ್ದಾಳೆ ಅಂದೆ. ಹುಡುಗಿಗೆ ಖುಷಿಯಾಯಿತು. ಆಮೇಲೆ ನನ್ನ ಬೂಟು ನೋಡಿ, ಕಾಲಿಗೆ ಏನಾಯಿತು ಅಂದಳು. ಘಾಟಿನಲ್ಲಿ ಜಾರಿದೆ ಅಂದೆ. ಅದೂ ಪೂರ್ತಿ ಸುಳ್ಳಲ್ಲ. ಹೆಂಡತಿ ಹಿಂದಿ ಬಲ್ಲವಳೇ. ರಿಕ್ಷಾದಲ್ಲಿ ಬರುವಾಗ ಸೆರಗಿನಿಂದ ನನ್ನ ಮಂಡಿಯನ್ನು ಮುಚ್ಚಿಕೊಂಡು ಕೂತಳು, ಚಳಿಯಾದವರಿಗೆ ಮುಚ್ಚುವ ಹಾಗೆ.

ಆಗಿ ಎರಡು ವರ್ಷವಾಯಿತು. ಪಾದ ಬರಲಿಲ್ಲ. ಒಲೆಯ ಮುಂದೆ ಗೋಡೆ ಹಿಡಿದು ಬರಿಗಾಲಲ್ಲಿ ನಿಂತು ಬೇಯಿಸುತ್ತೇನೆ, ಅಷ್ಟನ್ನು ಅಣ್ಣ ಉಳಿಸಿಕೊಟ್ಟ. ನೀರು ತರುವವಳು ಹೆಂಡತಿ. ಮನೆಯ ಹೆಂಗಸು ಮಡಿಯಲ್ಲಿ ತಂದರೆ ನಡೆಯುತ್ತದೆ. ಅವಳ ಎರಡು ಮಂಡಿಯೂ ನೋಯುತ್ತವೆ. ದಿನಕ್ಕೆ ಎರಡು ಕೊಡ. ನಾನು ಮೇಲಿನ ಮೆಟ್ಟಿಲ ಮೇಲೆ ಕೂತು ಕಾಯುತ್ತೇನೆ, ದಾರಿಯಲ್ಲಿ ಯಾರೂ ಅವಳಿಗೆ ತಾಗದ ಹಾಗೆ ಕೂಗಿ ಹೇಳಲು. ಅದಕ್ಕೆ ಮಾತ್ರ ಆಗುತ್ತೇನೆ.

ನನ್ನ ಬೆನ್ನ ಹಿಂದೆ ಕೇದಾರನ ಗುಡಿಯಲ್ಲಿ ಗಂಟೆ ಬಾರಿಸುತ್ತಿರುತ್ತಾರೆ. ಪ್ರತಿ ಸದ್ದಿಗೂ ಕಂಬ ಹಿಡಿದು ಎದ್ದು ನಿಲ್ಲುತ್ತೇನೆ. ಈಗ ಯಾವ ಗಂಟೆಗೂ ಏಳುತ್ತೇನೆ. ಅವಳು ಒದ್ದೆ ಸೀರೆಯಲ್ಲಿ, ಕೊಡ ಸೊಂಟಕ್ಕೆ ಒತ್ತಿಕೊಂಡು, ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಾ ತಲೆಯೆತ್ತುತ್ತಾಳೆ. ಮೊದಮೊದಲು ಕಣ್ಣಲ್ಲೇ ಹೇಳುತ್ತಿದ್ದಳು. ಈಚೆಗೆ ಬಾಯಿಬಿಟ್ಟೇ ಹೇಳುತ್ತಾಳೆ.

"ಯಾಕೆ ಎದ್ರಿ? ಕೂತ್ಕೊಳ್ರೀ. ನಾನ್ ಬರ್ತಿದೀನಲ್ಲ, ನೀವು ಕೂತಿರಿ."

ಕೂರುತ್ತೇನೆ.